ಬೇಸಗೆಯ ಸೂಟಿಯೂ ಬೀಗ ಬಿದ್ದ ವಸತಿಗೃಹಗಳೂ

ನಮ್ಮ ನಾಡಿನಲ್ಲಿ ಯಾರೂ ಪ್ರಶ್ನಿಸದೆ ಒಪ್ಪಿಕೊಂಡು ಬಂದಿರುವ ಅಭಿಪ್ರಾಯಗಳು ಅನೇಕವಿದ್ದು, ಬೇಸಗೆಯ ರಜೆಯನ್ನು ಕುರಿತದ್ದು ಅವುಗಳಲ್ಲಿ ಒಂದು. ಕೊನೆಯ ಪರೀಕ್ಷೆಯ ಉತ್ತರಪತ್ರಿಕೆಯನ್ನು ಮೇಲ್ವಿಚಾರಕರ ಕೈಗೆ ಒಪ್ಪಿಸಿದ ಗಳಿಗೆಯಿಂದಲೇ ವಿದ್ಯಾರ್ಥಿಗೂ ಅವನು ಓದುವ ಊರಿಗೂ ಇದ್ದ ಸಂಬಂಧವು ಕಡಿದುಹೋಗುತ್ತದೆಂದೂ, ಆಮೇಲೆಯೂ ಅವನು ಅಲ್ಲಿಯೇ ಉಳಿದರೆ ಅದಕ್ಕೆ ಆಲಸ್ಯವೋ, ಮನೆಯವರೊಡನೆ ವೈಮನಸ್ಯವೋ, ಬಾಯಿಬಿಟ್ಟು ಹೇಳಲಾಗದ ಮತ್ತಾವುದೋ ವ್ಯವಹಾರವೋ ಕಾರಣವಾಗಿರಲೇಬೇಕೆಂದೂ, ಸುಶೀಲನಾದ ವಿದ್ಯಾರ್ಥಿಯು ಗಂಟುಮೂಟೆ ಕಟ್ಟಿಕೊಂಡು ಮೊದಲ ಬಸ್ಸಿಗೇ ಊರು ಸೇರಿ ಜೂನ್ ತಿಂಗಳ ಮಳೆಯೊಡನೆ ಹಿಂದಿರುಗಬೇಕೆಂದೂ ತಂದೆತಾಯಿಗಳು ನಂಬಿದ್ದಾರೆ, ಅಧ್ಯಾಪಕರು ನಂಬಿದ್ದಾರೆ, ವಸತಿಗೃಹಗಳ ರೆಕ್ಟರರಂತೂ ಅದನ್ನು ನಂಬಿದ್ದಷ್ಟೇ ಅಲ್ಲದೆ ನಿಯಮವನ್ನಾಗಿ ಅಚ್ಚುಹಾಕಿಸಿ ಗೋಡೆಗೆ ಅಂಟಿಸಿದ್ದಾರೆ. ಈ ನಂಬಿಕೆಯು ತಪ್ಪೆಂದೂ, ಇದರಿಂದ ನಮ್ಮ ಉಚ್ಚಶಿಕ್ಷಣಕ್ಕೆ ಆಗಿರುವ ಹಾನಿಯು ಅಲ್ಪವಲ್ಲವೆಂದೂ, ವಿದ್ಯಾಕೇಂದ್ರವಾದ ಊರೊಂದರಲ್ಲಿ ಕಳೆಯುವ ಬೇಸಗೆಯು ವಿದ್ಯಾರ್ಥಿಯ ವರ್ಷದಲ್ಲೆಲ್ಲ ಅತ್ಯಂತ ಫಲವತ್ತಾದ ಕಾಲವೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಮಾತು ಗಾಳಿಯಲ್ಲಿ ತೇಲಬಾರದೆಂದು ಧಾರವಾಡವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. 1917ರಲ್ಲಿ ಕರ್ನಾಟಕ ಕಾಲೇಜು ಸ್ಥಾಪಿತವಾದಂದಿನಿಂದ, ಅದಕ್ಕಿಂತಲೂ ಮಿಗಿಲಾಗಿ ಕರ್ನಾಟಕ ವಿಶ್ವವಿದ್ಯಾಲಯವು ಇಲ್ಲಿಗೆ ಬಂದಂದಿನಿಂದ, ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳ ಮಕ್ಕಳು ಓದಲೆಂದು ಬಂದು ತುಂಬುವ ಊರು ಇದು. ಪರೀಕ್ಷೆಗಳು ಮುಗಿದ ವಾರದಲ್ಲಿ ಇಲ್ಲಿನ ಬಸ್ ನಿಲ್ದಾಣದಲ್ಲಿ ನಿಂತು ನೋಡಬೇಕು: ಹಾಸಿಗೆಯ ಸುರುಳಿ, ಹಗ್ಗ ಬಿಗಿದ ಟ್ರಂಕು, ಗೋಣಿಚೀಲದಲ್ಲಿ ತುಂಬಿದ ಪುಸ್ತಕ, ಹಿಡಿಕೆ ಮುರಿದ ಬಕೆಟ್ಟು ಇವನ್ನೆಲ್ಲ ಹೊತ್ತ ತರುಣರು ವಿಜಯಪುರ, ಬಾಗಲಕೋಟೆ, ಕೊಪ್ಪಳ, ರಾಯಚೂರುಗಳ ಕಡೆಯ ಬಸ್ಸುಗಳಿಗೆ ಮುಗಿಬೀಳುತ್ತಾರೆ. ಒಂದು ವರ್ಷದ ಸಂಸಾರವನ್ನು ಕಿತ್ತು ಒಯ್ದು, ಎರಡು ತಿಂಗಳಾದ ಮೇಲೆ ಅದೇ ಸಂಸಾರವನ್ನು ಮರಳಿ ಹೂಡಬೇಕಾದ ಈ ಶ್ರಮವನ್ನು ಅವರು ಸ್ವೇಚ್ಛೆಯಿಂದ ಕೈಕೊಂಡರೆಂದು ತಿಳಿಯಬಾರದು. ಊಟದ ಮನೆಯ ಬಾಗಿಲು ಮುಚ್ಚಿದೆ; "ಖೋಲಿ ಖಾಲಿ ಮಾಡ್ರಿ" ಎಂಬ ಆಜ್ಞೆ ಬಂದಿದೆ. ಇಷ್ಟಾಗಿಯೂ ಯಾವನಾದರೊಬ್ಬನು ಸಪ್ತಾಪುರದಲ್ಲಿಯೋ ಮಾಳಮಡ್ಡಿಯಲ್ಲಿಯೋ ಬಾಡಿಗೆಯ ಖೋಲಿ ಹಿಡಿದು ಉಳಿದನೆಂದರೆ, ಮನೆಯೊಡತಿಯು ತುಳಸಿಗೆ ನೀರೆರೆಯುತ್ತ ಕೇಳುವ ಮೊದಲ ಪ್ರಶ್ನೆ: "ಯಾಕ ತಮ್ಮಾ, ಸೂಟಿ ಬಿಟ್ಟರೂ ಊರಿಗೆ ಹೋಗಿಲ್ಲಲ್ಲಾ? ಮನ್ಯಾಗ ಏನರ ಜಗಳ ಆಗೇತೇನು?" ಆ ಪ್ರಶ್ನೆಯಲ್ಲಿ ಅಂತಃಕರಣವಿದೆ, ಆದರೆ ಲೋಕಾಭಿಪ್ರಾಯದ ಪೂರ್ಣಸ್ವರೂಪವೂ ಇದೆ.

ಪೂರ್ವಪಕ್ಷದವರ ಮೊದಲನೆಯ ವಾದವು ಸಂಪ್ರದಾಯದ್ದು. ಬೇಸಗೆಯಲ್ಲಿ ವಿದ್ಯಾರ್ಥಿಗಳು ಮನೆಗೆ ಹೋಗುವುದು ಅನಾದಿಯಿಂದ ನಡೆದುಬಂದ ರೂಢಿಯೆಂದು ಅವರು ಭಾವಿಸಿದಂತೆ ತೋರುತ್ತದೆ. ಅದು ಅನಾದಿಯಲ್ಲ, ನಮ್ಮದೂ ಅಲ್ಲ. ಏಪ್ರಿಲ್‌ನಿಂದ ಜೂನ್‌ವರೆಗಿನ ಈ ದೀರ್ಘವಿರಾಮವು ಆಂಗ್ಲರ ಆಳಿಕೆಯ ಕಾಲದಲ್ಲಿ ನ್ಯಾಯಾಲಯಗಳಿಗೂ ವಿದ್ಯಾಲಯಗಳಿಗೂ ಬಂದು ಸೇರಿದ್ದು. ಮುಂಬಯಿ ಸರಕಾರವೇ ಬೇಸಗೆಯಲ್ಲಿ ಮಹಾಬಳೇಶ್ವರದ ಬೆಟ್ಟವೇರಿ ಕುಳಿತುಕೊಳ್ಳುತ್ತಿದ್ದ ದಿನಗಳಲ್ಲಿ, 1857ರಲ್ಲಿ ಹುಟ್ಟಿದ ಮುಂಬಯಿ ವಿಶ್ವವಿದ್ಯಾಲಯದ ಪಂಚಾಂಗವೇ ಧಾರವಾಡದ ಕಾಲೇಜಿಗೂ ಪಂಚಾಂಗವಾಗಿತ್ತು. ಶೀತದೇಶದಿಂದ ಬಂದವರಿಗೆ ನಮ್ಮ ಬಿಸಿಲು ಅಸಹ್ಯವಾದದ್ದು ಸಹಜವೇ. ಸೋಜಿಗದ ಸಂಗತಿಯೆಂದರೆ, ನಾವು ಅವರಿಂದ ವಿರಾಮವನ್ನು ಎರವಲು ತಂದೆವಾದರೂ ಆ ವಿರಾಮದ ಉಪಯೋಗವನ್ನು ತರಲಿಲ್ಲ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳಲ್ಲಿ ಪಾಠ ನಡೆಯುವ ಅವಧಿಗಳು ಎಂಟೆಂಟು ವಾರಗಳ ಮೂರು ಮಾತ್ರ. ಮಿಕ್ಕ ಕಾಲದಲ್ಲಿ ವಿದ್ಯಾರ್ಥಿಯು ತಾನಾಗಿ ಓದಬೇಕೆಂಬುದು ಅಲ್ಲಿನ ನಿರೀಕ್ಷೆ. ಕೇಂಬ್ರಿಡ್ಜಿನಲ್ಲಂತೂ ಬೇಸಗೆಯ ದೀರ್ಘರಜೆಯ ನಡುವೆಯೂ ಕಾಲೇಜಿನಲ್ಲಿಯೇ ಉಳಿದು ಓದುವವರಿಗಾಗಿ ಪ್ರತ್ಯೇಕವಾದ ಒಂದು ಅವಧಿಯೇ ಇದ್ದಿತು. ಅವರ ರಜೆಯಲ್ಲಿ ಗ್ರಂಥವಿದ್ದಿತು. ನಮ್ಮ ರಜೆಯಲ್ಲಿ ಬೀಗ ಮಾತ್ರ ಉಳಿಯಿತು.

ಇನ್ನು ನಮ್ಮ ಪೂರ್ವಿಕರ ಪದ್ಧತಿಯನ್ನು ನೋಡುವುದಾದರೆ, ಅಲ್ಲಿಯೂ ಪೂರ್ವಪಕ್ಷಕ್ಕೆ ಆಸರೆ ದೊರೆಯದು. ಮನುವಿನ ಸಮಾಜನೀತಿಯಲ್ಲಿ ನಾನು ಒಪ್ಪದ ಮಾತುಗಳು ಬಹಳವಿದ್ದರೂ, ಅಧ್ಯಯನಕಾಲದ ವ್ಯವಸ್ಥೆಯನ್ನು ಕುರಿತು ಅವನು ಹೇಳಿರುವುದು ಇಲ್ಲಿ ಪ್ರಸ್ತುತವಾಗಿದೆ: ಶ್ರಾವಣದ ಇಲ್ಲವೆ ಭಾದ್ರಪದದ ಹುಣ್ಣಿಮೆಯಲ್ಲಿ ಉಪಾಕರ್ಮವನ್ನು ಮಾಡಿ ನಾಲ್ಕೂವರೆ ತಿಂಗಳ ಕಾಲ ವೇದಾಧ್ಯಯನವನ್ನು ನಡೆಸಿ, ಪುಷ್ಯದಲ್ಲಿಯೋ ಮಾಘದ ಆರಂಭದಲ್ಲಿಯೋ ಉತ್ಸರ್ಜನ ಮಾಡಿದ ಬಳಿಕ, ಶುಕ್ಲಪಕ್ಷಗಳಲ್ಲಿ ವೇದವನ್ನೂ ಕೃಷ್ಣಪಕ್ಷಗಳಲ್ಲಿ ವೇದಾಂಗಗಳನ್ನೂ ಓದತಕ್ಕದ್ದೆಂದು ಅವನ ವಿಧಿ. ಅಂದರೆ ಕ್ರಮಬದ್ಧವಾದ ಪಾಠವು ನಿಂತ ಮೇಲೆ ಓದಿನ ವಿಷಯವೂ ಗತಿಯೂ ಬದಲಾಗುತ್ತಿದ್ದವಲ್ಲದೆ ಓದು ನಿಲ್ಲುತ್ತಿರಲಿಲ್ಲ. ಸಮಾವರ್ತನವಾಗುವ ತನಕ ಶಿಷ್ಯನು ಇರತಕ್ಕ ಸ್ಥಾನವು ಗುರುಕುಲವೇ ಆಗಿದ್ದಿತು. ನಮ್ಮ ನೆಲದ್ದೇ ಸಾಕ್ಷಿ ಬೇಕೆಂದರೆ ಈಗಿನ ವಿಜಯಪುರ ಜಿಲ್ಲೆಯ ಸಾಲೋಟಗಿಯ ಶಾಸನವಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, 945ರಲ್ಲಿ, ಅವನ ಮಂತ್ರಿ ನಾರಾಯಣನು ಅಲ್ಲಿ ಕಟ್ಟಿಸಿದ ಶಾಲೆಗೆ ನಾನಾ ಜನಪದಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರೆಂದೂ, ಅವರ ವಾಸಕ್ಕೆ 27 ಮನೆಗಳಿದ್ದುವೆಂದೂ, ದೀಪದ ವೆಚ್ಚಕ್ಕೆಂದೇ ಬೇರೆಯಾಗಿ ಭೂಮಿಯನ್ನು ಬಿಟ್ಟಿದ್ದರೆಂದೂ ಅದರಿಂದ ತಿಳಿದುಬರುತ್ತದೆ. ರಾತ್ರಿಯ ಓದಿಗೆ ಎಣ್ಣೆ ಸಾಲದೆ ಹೋದೀತೆಂದು ಭೂಮಿಯನ್ನು ಬಿಟ್ಟವರ ನಾಡಿನಲ್ಲಿ, ಎರಡು ತಿಂಗಳ ವಿದ್ಯುತ್ತಿನ ಬಿಲ್ಲು ಉಳಿಯಲೆಂದು ವಸತಿಗೃಹಗಳ ಮುಖ್ಯ ಗುಂಡಿಯನ್ನೇ ಆರಿಸಿಬಿಡುವವರು ಸಂಪ್ರದಾಯದ ಹೆಸರು ಹೇಳದಿರುವುದು ಲೇಸು.

ಎರಡನೆಯ ವಾದವು ದೇಹಾರೋಗ್ಯದ್ದು: ಸುಡುಬಿಸಿಲಿನಲ್ಲಿ ಮೆದುಳು ಕೆಲಸ ಮಾಡದು, ವರ್ಷವೆಲ್ಲ ದಣಿದ ಹುಡುಗನಿಗೆ ವಿಶ್ರಾಂತಿ ಬೇಕು ಎಂಬುದು. ಈ ವಾದವನ್ನು ಹೂಡುವವರು ಭೂಪಟವನ್ನು ಒಮ್ಮೆ ತೆರೆದು ನೋಡಿದಂತಿಲ್ಲ. ಧಾರವಾಡವು ಮಲೆನಾಡಿನ ಅಂಚಿನಲ್ಲಿ, ಸಮುದ್ರಮಟ್ಟಕ್ಕಿಂತ 700 ಮೀಟರಿಗೂ ಎತ್ತರದಲ್ಲಿ ನಿಂತ ಊರು. ಮೇ ತಿಂಗಳ ಮಧ್ಯಾಹ್ನ ಇಲ್ಲಿಯೂ ಬಿಸಿಲೇ ಆದರೂ, ಸಂಜೆಯಾಗುತ್ತಲೂ ಪಡುವಣದಿಂದ ಗಾಳಿ ಬೀಸುತ್ತದೆ, ವಾರಕ್ಕೊಮ್ಮೆಯಾದರೂ ಗುಡುಗು ಕಟ್ಟಿ ಅಡ್ಡಮಳೆ ಬಿದ್ದು ನೆಲ ತಣಿಯುತ್ತದೆ. ಇಂಥ ಊರಿನಿಂದ ಹುಡುಗನನ್ನು ಎಬ್ಬಿಸಿ, ಉಷ್ಣಮಾಪಕದ ಪಾದರಸವು ನಲವತ್ತನ್ನು ದಾಟುವ ರಾಯಚೂರಿಗೂ ಕಲಬುರಗಿಗೂ ಆರೋಗ್ಯರಕ್ಷಣೆಗಾಗಿ ಕಳುಹಿಸುವ ವೈದ್ಯವು ಯಾವ ಗ್ರಂಥದಲ್ಲಿದೆಯೋ ನಾನರಿಯೆ. ವಿಶ್ರಾಂತಿಯ ಮಾತಿಗೆ ಬಂದರೆ, ದಣಿವಾಗಿರುವುದು ಓದಿನಿಂದಲ್ಲ, ಪರೀಕ್ಷೆಯಿಂದ. ಹದಿನೈದು ದಿನ ನಿದ್ದೆಗೆಟ್ಟು ಬಾಯಿಪಾಠ ಮಾಡಿದವನಿಗೆ ನಾಲ್ಕು ದಿನ ಹೊಟ್ಟೆತುಂಬ ಊಟ, ಕಣ್ತುಂಬ ನಿದ್ದೆ ಆದರೆ ದೇಹವು ಚೇತರಿಸಿಕೊಳ್ಳುತ್ತದೆ. ಆದರೆ ಪುಸ್ತಕದ ಮೇಲೆ ಹುಟ್ಟಿದ ಜಿಗುಪ್ಸೆಯನ್ನು ಕಳೆಯಬಲ್ಲದ್ದು ಪರೀಕ್ಷೆಗೆ ಸಂಬಂಧವಿಲ್ಲದ ಒಳ್ಳೆಯ ಪುಸ್ತಕ ಒಂದೇ.

ಮೂರನೆಯದಾದ ಮನೆಯ ವಾದವು ಎಲ್ಲಕ್ಕಿಂತ ಪ್ರಬಲವಾದುದು. ಅದನ್ನು ಹಗುರವಾಗಿ ತಳ್ಳಿಹಾಕುವ ಧಾರ್ಷ್ಟ್ಯ ನನಗಿಲ್ಲ. ವರ್ಷವಿಡೀ ಮಗನ ಮುಖ ಕಾಣದ ತಾಯಿ, ಕೈನೆರವಿಗಾಗಿ ಕಾದ ತಂದೆ, ಅಣ್ಣನ ದಾರಿ ನೋಡುವ ತಂಗಿ ಇವರ ಹಕ್ಕನ್ನು ಅಲ್ಲಗಳೆಯುವ ಶಿಕ್ಷಣವು ಶಿಕ್ಷಣವಲ್ಲ. ಹುಡುಗನು ಹೋಗಲಿ, ಅವಶ್ಯವಾಗಿ ಹೋಗಲಿ. ಆದರೆ ಎರಡು ತಿಂಗಳನ್ನೂ ಅಲ್ಲಿಯೇ ಕಳೆಯಬೇಕೆಂಬುದಕ್ಕೆ ಆಧಾರವೇನು? ಒಕ್ಕಲುತನದ ಕೆಲಸವೆಂದು ಹೇಳುವವರು ಒಕ್ಕಲುತನದ ಕಾಲಮಾನವನ್ನು ನೆನೆಯಲಿ. ಹಿಂಗಾರಿಯ ಜೋಳ, ಗೋದಿ, ಕಡಲೆಗಳ ಸುಗ್ಗಿಯು ಪರೀಕ್ಷೆಗಳಿಗೆ ಮುಂಚೆಯೇ ಮುಗಿದು ಕಣಗಳು ಬರಿದಾಗಿರುತ್ತವೆ. ಗೊಬ್ಬರ ಹೇರುವುದು, ಹೊಲ ಹರಗುವುದು, ಬಿತ್ತನೆಗೆ ಅಣಿಮಾಡುವುದು ಇವು ರೋಹಿಣಿ ಮಳೆಯ ಹಿಂದುಮುಂದಿನ, ಅಂದರೆ ಮೇ ತಿಂಗಳ ಕೊನೆಯ ಮತ್ತು ಜೂನ್ ಮೊದಲಿನ ಕೆಲಸಗಳು. ಮುಂಗಾರಿಯ ಬಿತ್ತನೆಯಂತೂ ಕಾಲೇಜಿನ ಬಾಗಿಲು ತೆರೆಯುವ ಹೊತ್ತಿಗೇ ಬರುತ್ತದೆ. ನಡುವಿನ ದಿನಗಳಲ್ಲಿ ಪದವಿಯ ವಿದ್ಯಾರ್ಥಿಯಿಂದ ಮನೆಗೆ ಒದಗುವ ಸೇವೆಯನ್ನು ನಮ್ಮ ಹಳ್ಳಿಗಳನ್ನು ಬಲ್ಲವರೆಲ್ಲರೂ ಬಲ್ಲರು: ಬಂಧುಗಳ ಮದುವೆಗಳಲ್ಲಿ ಹಂದರ ಹಾಕುವುದು, ಪಂಕ್ತಿಯಲ್ಲಿ ಮಜ್ಜಿಗೆ ಬಡಿಸುವುದು, ಜಾತ್ರೆಗೆ ಬಂದ ಬೀಗರನ್ನು ಬಸ್ಸಿಗೆ ಹತ್ತಿಸುವುದು, ಉಳಿದ ಹೊತ್ತು ಗುಡಿಯ ಕಟ್ಟೆಯ ಮೇಲೆ ಕುಳಿತು ಅಂಗೈಯಗಲದ ಮೊಬೈಲನ್ನು ತಿಕ್ಕುವುದು. ಇವುಗಳಲ್ಲಿ ದೋಷವಾದುದೊಂದೂ ಇಲ್ಲ. ಆದರೆ ಇವುಗಳಿಗಾಗಿ ಅರವತ್ತು ದಿನಗಳು ಬೇಕಾಗಿಲ್ಲ. ರಜೆಯ ಒಂದು ಭಾಗವನ್ನು ತಾಯಿಗೂ ಹೊಲಕ್ಕೂ ಕೊಟ್ಟು ಇನ್ನೊಂದು ಭಾಗವನ್ನು ವಿದ್ಯೆಗೆ ಉಳಿಸಿಕೊಳ್ಳುವ ಸ್ವಾತಂತ್ರ್ಯವನ್ನೇ ಬೀಗವು ಕಿತ್ತುಕೊಳ್ಳುತ್ತದೆಂಬುದು ನನ್ನ ಆಕ್ಷೇಪ.

ನಾಲ್ಕನೆಯದು ನೀತಿಯ ವಾದ. ಪಾಠವಿಲ್ಲದ, ಹಾಜರಿಯಿಲ್ಲದ, ಕೇಳುವವರಿಲ್ಲದ ತರುಣನು ಊರಿನಲ್ಲಿ ಕೆಡುತ್ತಾನೆಂದು ಹಿರಿಯರು ತಲೆಯಾಡಿಸುತ್ತಾರೆ. ತರುಣರು ಕೆಡುವ ಬಗೆಯನ್ನು ಇವರು ಸರಿಯಾಗಿ ಗಮನಿಸಿದಂತೆ ಕಾಣದು. ವಸತಿಗೃಹದ ದಾಂಧಲೆಗಳು, ಚುನಾವಣೆಯ ಕಾಲದ ಹೊಡೆದಾಟಗಳು, ಹೊಸಬರನ್ನು ಹಿಂಸಿಸುವ ಕ್ರೌರ್ಯಗಳು ಇವೆಲ್ಲ ಗುಂಪಿನ ಪಾಪಗಳು, ಕಾಲೇಜು ತುಂಬಿ ತುಳುಕುವ ತಿಂಗಳುಗಳ ಪಾಪಗಳು. ಬೇಸಗೆಯಲ್ಲಿ ಗುಂಪೇ ಇರುವುದಿಲ್ಲ. ಉಳಿದ ನಾಲ್ಕಾರು ಜನರನ್ನು ಇಡೀ ಓಣಿಯು ಗುರುತಿಸುತ್ತದೆ. ಖಾನಾವಳಿಯಲ್ಲಿ ಅವರಲ್ಲೊಬ್ಬನು ಒಂದು ಹೊತ್ತು ಬಾರದಿದ್ದರೆ ಮರುದಿನ ಪ್ರಶ್ನೆ ಬರುತ್ತದೆ. ಪಾಳಿ ಹಚ್ಚಿ ನಿಲ್ಲುವ ಹುಡುಗರ ಗದ್ದಲವಿಲ್ಲದ ಆ ದಿನಗಳಲ್ಲಿ ಖಾನಾವಳಿಯ ಅಕ್ಕನವರು ಒಲೆಯ ಮೇಲಿನ ಬಿಸಿ ರೊಟ್ಟಿಯನ್ನು ತಾವೇ ತಂದು ತಾಟಿಗೆ ಹಾಕಿ, ಶೇಂಗಾ ಚಟ್ನಿಯ ಮೇಲೆ ಮೊಸರು ಸುರಿದು, "ಇನ್ನೊಂದು ಹಾಕ್ತೀನಿ, ತಿನ್ನು" ಎಂದು ಗದರಿಸುತ್ತಾರೆ. ವರ್ಷದ ಬೇರಾವ ಕಾಲದಲ್ಲಿಯೂ ಪರಸ್ಥಳದ ವಿದ್ಯಾರ್ಥಿಗೆ ಇಷ್ಟೊಂದು ಕಣ್ಗಾವಲೂ ಇಷ್ಟೊಂದು ಮಮತೆಯೂ ಏಕಕಾಲಕ್ಕೆ ದೊರೆಯವು. ಹತ್ತು ತಿಂಗಳ ಕಾಲ ನಂಬಿ ಬಿಟ್ಟ ಮಗನನ್ನು ಹನ್ನೊಂದನೆಯ ತಿಂಗಳಲ್ಲಿ ನಂಬಲಾಗದೆಂದರೆ, ದೋಷವು ಆ ತಿಂಗಳಿನದಲ್ಲ, ನಂಬಿಕೆಯದು.

ಖಂಡನೆಯು ಇಷ್ಟಕ್ಕೇ ನಿಂತರೆ ಅರ್ಧವಾದೀತು. ಉಳಿಯುವುದರಿಂದ ದೊರೆಯುವ ಲಾಭವನ್ನೂ ಹೇಳಬೇಕಾಗಿದೆ. ಮೊದಲು ಗ್ರಂಥಾಲಯವನ್ನು ತೆಗೆದುಕೊಳ್ಳೋಣ. ಮಾರ್ಚ್ ತಿಂಗಳ ಗ್ರಂಥಾಲಯವು ವಾಸ್ತವವಾಗಿ ಗ್ರಂಥಾಲಯವಲ್ಲ, ಕುರ್ಚಿಗಳ ಛತ್ರ. ಬೆಳಗಾಗುತ್ತಲೂ ಚೀಲವಿಟ್ಟು, ಟವೆಲ್ಲು ಹಾಸಿ ಸ್ಥಳ ಹಿಡಿದವರು ಮನೆಯಿಂದ ತಂದ ಟಿಪ್ಪಣಿಗಳನ್ನು ಗುನುಗುನಿಸುತ್ತಾರೆಯೇ ಹೊರತು ಕಪಾಟಿನ ಕಡೆಗೆ ಕಣ್ಣೆತ್ತುವುದಿಲ್ಲ. ಅದೇ ಕೋಣೆಯನ್ನು ಮೇ ತಿಂಗಳ ಮಧ್ಯಾಹ್ನ ನೋಡಬೇಕು. ಪಂಖೆ ಕಿರುಗುಟ್ಟುತ್ತದೆ, ಕಿಟಕಿಯ ಪಕ್ಕದಲ್ಲಿ ನಿವೃತ್ತ ಮಾಸ್ತರರೊಬ್ಬರು ಪತ್ರಿಕೆಯನ್ನು ಮುಖಕ್ಕೆ ಹಿಡಿದು ತೂಕಡಿಸುತ್ತಾರೆ, ಮಿಕ್ಕ ಕಾಲದಲ್ಲಿ "ಪುಸ್ತಕ ಇಲ್ಲರಿ" ಎಂಬ ಎರಡೇ ಮಾತು ಬಲ್ಲ ಜವಾನನು ಈಗ ಏಣಿ ಹತ್ತಿ ಮೇಲಿನ ಸಾಲಿನಿಂದ ಧೂಳು ಕೊಡವಿ ಕೇಳಿದ ಸಂಪುಟದ ಜೊತೆಗೆ ಕೇಳದ ಇನ್ನೆರಡನ್ನೂ ಇಳಿಸಿಕೊಡುತ್ತಾನೆ. 1896ರಲ್ಲಿ ಆರಂಭವಾದ ವಾಗ್ಭೂಷಣವನ್ನೋ, ಆಲೂರ ವೆಂಕಟರಾಯರ ಜಯಕರ್ನಾಟಕವನ್ನೋ ತೆರೆದ ಹುಡುಗನು ಹುಡುಕಿದ ಲೇಖನವನ್ನು ಮರೆತು, ಪುಟದಂಚಿನಲ್ಲಿ ಹಿಂದೊಬ್ಬನು ಸೀಸಕಡ್ಡಿಯಿಂದ ಬರೆದ ಜಗಳಗಂಟ ಟಿಪ್ಪಣಿಯೊಂದನ್ನು ಓದಿ ತನ್ನಷ್ಟಕ್ಕೆ ನಗುತ್ತಾನೆ. ಕಿಟೆಲರ ನಿಘಂಟಿನಲ್ಲಿ ಒಂದು ಮಾತಿನ ಅರ್ಥ ನೋಡಹೋದವನು ಒಂದು ತಾಸು ಅಲ್ಲಿಯೇ ಅಲೆದಾಡುತ್ತಾನೆ. ಈ ಅಲೆದಾಟಕ್ಕೆ ಅಂಕಗಳಿಲ್ಲ, ಪಠ್ಯಕ್ರಮದಲ್ಲಿ ಸ್ಥಳವಿಲ್ಲ. ಆದರೆ ಯಾವನು ಮುಂದೆ ಒಂದು ವಿಷಯವನ್ನು ಸ್ವಂತವಾಗಿ ಚಿಂತಿಸಬಲ್ಲನೋ, ಅವನ ಚಿಂತನೆಯ ಮೂಲವನ್ನು ಹುಡುಕಿ ಹೋದರೆ ಇಂಥದೊಂದು ನಿರುದ್ದೇಶವಾದ ಮಧ್ಯಾಹ್ನದಲ್ಲಿ ಅದು ಸಿಕ್ಕುವ ಸಂಭವವೇ ಹೆಚ್ಚು.

ಎರಡನೆಯ ಲಾಭವು ಊರು. ಜಾತ್ರೆಯ ದಿನವೊಂದೇ ಗುಡಿಗೆ ಹೋದವನು ಜನದ ಬೆನ್ನುಗಳನ್ನು ಕಂಡು ಬರುವನಲ್ಲದೆ ದೇವರನ್ನು ಕಾಣನು. ಕಾಲೇಜು ನಡೆಯುವ ತಿಂಗಳುಗಳಲ್ಲಿ ಮಾತ್ರ ಧಾರವಾಡದಲ್ಲಿ ಇದ್ದು ಹೋದವನಿಗೆ ಧಾರವಾಡವು ಕಂಡದ್ದು ಅಷ್ಟೇ. ಈ ಊರಿನ ವಿದ್ಯೆಯು ಎಂದೂ ಕಾಲೇಜಿನ ಗೋಡೆಗಳೊಳಗೆ ಮಾತ್ರ ಇದ್ದುದಲ್ಲ. ಕಾಲೇಜು ಹುಟ್ಟುವುದಕ್ಕೆ 27 ವರ್ಷ ಮೊದಲೇ, 1890ರಲ್ಲಿ, ಇಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. 1939ರಲ್ಲಿ ಕನ್ನಡ ಸಂಶೋಧನ ಸಂಸ್ಥೆಯು ಬಂದಾಗ ಇಲ್ಲಿ ವಿಶ್ವವಿದ್ಯಾಲಯವಿನ್ನೂ ಇರಲಿಲ್ಲ. ಕಾಲೇಜಿನ ಪದವಿಯನ್ನೇ ಪಡೆಯದ ಶಾಲಾಶಿಕ್ಷಕರಾದ ಶಂಬಾ ಜೋಶಿಯವರು ಕನ್ನಡದ ಸಾಂಸ್ಕೃತಿಕ ಸಂಶೋಧನೆಗೆ ಹೊಸ ದಾರಿ ತೆರೆದು, 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರರಾದುದು ಈ ಊರಿನ ಓಣಿಯೊಂದರಲ್ಲಿ ಕುಳಿತೇ. ಜಿ. ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಮನೋಹರ ಗ್ರಂಥಮಾಲೆಯ ಸುಭಾಸ ರಸ್ತೆಯ ಅಟ್ಟವು ಎಷ್ಟೋ ಬರಹಗಾರರಿಗೆ ಹಾಜರಿಪಟ್ಟಿಯಿಲ್ಲದ ಪಾಠಶಾಲೆಯಾಗಿದ್ದಿತು. ಕರ್ನಾಟಕ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಗಿರೀಶ ಕಾರ್ನಾಡರ ಮೊದಲ ನಾಟಕ ಯಯಾತಿಯು 1961ರಲ್ಲಿ ಅಚ್ಚಾದದ್ದು ಆ ಗ್ರಂಥಮಾಲೆಯಿಂದಲೇ. ಬೇಂದ್ರೆಯವರ ಸಾಧನಕೇರಿ, ಮಲ್ಲಿಕಾರ್ಜುನ ಮನಸೂರರ ಮನೆ, ಬಡಮಕ್ಕಳಿಗೆ ಅನ್ನವಿಕ್ಕಿ ಓದಿಸಿದ ಮುರುಘಾಮಠ ಇವು ಪ್ರವಾಸಿಗಳಿಗೆ ತೋರಿಸುವ ಸ್ಥಳಗಳು ಮಾತ್ರವಲ್ಲ. ಒಂದು ಊರು ತನ್ನ ಮಕ್ಕಳನ್ನು ಹೇಗೆ ಬೆಳೆಸಿತೆಂಬುದರ ಪಾಠಗಳು. ತರಗತಿಯ ಗಂಟೆಗೆ ಓಡುವವನಿಗೆ ಇವುಗಳ ಕಡೆಗೆ ತಿರುಗಲು ಬಿಡುವೆಲ್ಲಿ? ಅಧ್ಯಾಪಕರಾದರೂ ಹಾಗೆಯೇ: ವರ್ಷವೆಲ್ಲ ಹಾಜರಿ, ಅಂಕ, ವರದಿಗಳ ಹೊರೆಯಲ್ಲಿ ಬೇಸತ್ತವರು, ಬೇಸಗೆಯ ಸಂಜೆ ಅಂಗಳದಲ್ಲಿ ಕುರ್ಚಿ ಹಾಕಿ ಕುಳಿತಿದ್ದಾಗ ಬಂದ ವಿದ್ಯಾರ್ಥಿಯೊಡನೆ ಆಡುವ ಮಾತು ತರಗತಿಯಲ್ಲಿ ಎಂದೂ ಆಡದ ಮಾತಾಗಿರುತ್ತದೆ.

ಇದುವರೆಗೆ ನಾನು ಮನೆಯೆಂಬುದು ಎಲ್ಲರಿಗೂ ಸುಖದ ಸ್ಥಾನವೆಂಬ ಪೂರ್ವಪಕ್ಷದ ಭಾವನೆಯನ್ನು ಒಪ್ಪಿಕೊಂಡೇ ವಾದಿಸಿದೆ. ಆ ಭಾವನೆಯನ್ನೂ ಈಗ ಪರೀಕ್ಷಿಸಬೇಕು. ಒಂದೇ ಅಂಕಣದ ಮನೆಯಲ್ಲಿ ಏಳು ಜನರು ಮಲಗುವ ಕುಟುಂಬದಿಂದ ಬಂದವನಿಗೆ, ವಸತಿಗೃಹದ ಮುರುಕು ಮೇಜೇ ಜೀವನದಲ್ಲಿ ದೊರೆತ ಮೊದಲ ಮೇಜು. ಊರಿನ ಹೋಟೆಲಿನಲ್ಲಿ ಇಂದಿಗೂ ಹೊರಗೆ ನಿಂತು ಚಹ ಕುಡಿಯಬೇಕಾದ ಕೇರಿಯಿಂದ ಬಂದವನಿಗೆ, ಯಾರ ಪಕ್ಕದಲ್ಲಾದರೂ ಕುಳಿತು ಉಣ್ಣಬಹುದಾದ ಸ್ಥಳವು ಈ ವಿದ್ಯಾಕೇಂದ್ರದ ಊಟದ ಮನೆಯೊಂದೇ. ಸಮಾಜದ ಹಣದಿಂದ ನಡೆಯುವ ವಸತಿಗೃಹಗಳು ಇಂಥವರಿಗಾಗಿಯೇ ಹುಟ್ಟಿದವು. ಬೇಸಗೆ ಬಂದೊಡನೆ ಮೊದಲು ಬೀಗ ಬೀಳುವುದೂ ಅವಕ್ಕೇ. ವಿದ್ಯಾರ್ಥಿನಿಯರ ಸಂಗತಿಯು ಇದಕ್ಕಿಂತ ಕಠಿಣವಾದುದು. ವೈಶಾಖವು ಲಗ್ನದ ಕಾಲ. ಎರಡನೆಯ ವರ್ಷದ ಪರೀಕ್ಷೆ ಮುಗಿಸಿ ಊರಿಗೆ ಹೋದ ಹುಡುಗಿಯು ಜೂನಿನಲ್ಲಿ ಹಿಂದಿರುಗದೆ, ಅವಳ ಬದಲು ಲಗ್ನಪತ್ರಿಕೆಯು ಗೆಳತಿಯರ ಕೈಸೇರಿದ ಪ್ರಸಂಗಗಳನ್ನು ಅರಿಯದ ಮಹಿಳಾ ವಸತಿಗೃಹವು ನಮ್ಮಲ್ಲಿ ಅಪರೂಪ. "ಹುಡುಗಿ ಸೂಟಿಯೊಳಗ ಊರಿಗೆ ಬರದ ಎಲ್ಲಿಗೆ ಹೋಗ್ತಾಳ?" ಎಂದು ಕೇಳುವವರಿಗೆ, "ಗ್ರಂಥಾಲಯಕ್ಕೆ ಹೋಗುತ್ತಾಳೆ" ಎಂದು ಧೈರ್ಯವಾಗಿ ಉತ್ತರಿಸಲು ಅವಳಿಗೊಂದು ತೆರೆದ ಬಾಗಿಲು ಬೇಡವೇ?

ಈಚಿನ ವರ್ಷಗಳಲ್ಲಿ ಪೂರ್ವಪಕ್ಷಕ್ಕೆ ಹೊಸದೊಂದು ಶಾಖೆಯು ಚಿಗುರಿದೆ. ಈಗ ಧಾರವಾಡವು ಬೇಸಗೆಯಲ್ಲಿ ಬರಿದಾಗುವುದಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿಗೆಂದು ಬಂದ ಸಾವಿರಾರು ತರುಣ ತರುಣಿಯರು ಸಪ್ತಾಪುರದ ಓಣಿಗಳಲ್ಲಿ ಖೋಲಿ ಹಿಡಿದು, ಹಣ ತೆತ್ತು ಕುಳಿತುಕೊಳ್ಳುವ ವಾಚನಾಲಯಗಳಲ್ಲಿ ತಲೆ ಬಗ್ಗಿಸಿ, ಪಿ.ಎಸ್.ಐ., ಎಫ್.ಡಿ.ಎ., ಕೆ.ಎ.ಎಸ್. ಅಧಿಸೂಚನೆಗಳ ದಾರಿ ಕಾಯುತ್ತಾರೆ. ಅವರನ್ನು ಹೀಗಳೆಯಲಾರೆ, ಅನ್ನದ ಹಾದಿಯನ್ನು ಹುಡುಕುವವನಿಗೆ ಉಪದೇಶ ಮಾಡುವುದು ಹೊಟ್ಟೆ ತುಂಬಿದವನ ಲಕ್ಷಣ. ಆದರೆ ಅವರನ್ನು ಕಳುಹಿಸಿದ ಲೋಕವನ್ನು ಒಂದು ಮಾತು ಕೇಳಲೇಬೇಕಾಗಿದೆ. ಬೇಸಗೆಯಲ್ಲಿ ಪರಸ್ಥಳದಲ್ಲಿ ಉಳಿದರೆ ಆರೋಗ್ಯ ಕೆಡುತ್ತದೆ, ನೀತಿ ಕೆಡುತ್ತದೆ, ತಾಯಿಗೆ ವ್ಯಥೆಯಾಗುತ್ತದೆ ಎಂದು ಹೇಳುತ್ತಿದ್ದ ಅದೇ ತಂದೆಯು, ತರಬೇತಿಯ ಶುಲ್ಕ ಕಟ್ಟಿದ ರಸೀತಿಯೊಂದು ಕೈಗೆ ಬಂದೊಡನೆ, ಮಗನು ಯುಗಾದಿಗೂ ಬಸವಜಯಂತಿಗೂ ಊರಿಗೆ ಬಾರದಿದ್ದರೂ ಅದನ್ನು ತಪಸ್ಸೆಂದು ಹೊಗಳುತ್ತಾನೆ. ಹಾಗಾದರೆ ಆಕ್ಷೇಪವು ಉಳಿಯುವುದರ ಮೇಲೆ ಇರಲಿಲ್ಲವೆಂದಾಯಿತು. ಶುಲ್ಕವಿಲ್ಲದ, ಫಲವನ್ನು ಮುಂಗಡವಾಗಿ ಬರೆದುಕೊಡದ ಓದಿನ ಮೇಲೆ ಇದ್ದಿತೆಂದಾಯಿತು. ಬಿಸಿಲು, ನೀತಿ, ಮಾತೃವಾತ್ಸಲ್ಯ ಇವೆಲ್ಲ ಹೊರಗಿನ ವೇಷಗಳು. ಅಂಕಗಳಾಗಲಿ ಸಂಬಳವಾಗಲಿ ಹುಟ್ಟಿಸದ ವಿದ್ಯೆಯು ಸೋಮಾರಿತನವೆಂಬ ಮತವೇ ಒಳಗಿನ ಆಸಾಮಿ. ಆ ಮತವನ್ನು ಬಹಿರಂಗವಾಗಿ ಹೇಳಲು ನಾಚುವವರು ಬೀಗದ ಮೂಲಕ ಹೇಳುತ್ತಾರೆ.

ಉಳಿದದ್ದು ಖರ್ಚಿನ ವಾದ. ಆಡಳಿತದವರು ಇದನ್ನು ಕೊನೆಯಲ್ಲಿ ಹೇಳುವರಾದರೂ ಮೊದಲಿನಿಂದಲೂ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ನೂರು ಖೋಲಿಗಳ ಕಟ್ಟಡವನ್ನು ಹತ್ತು ಜನರಿಗಾಗಿ ತೆರೆದಿಡುವುದು ದುಂದೆಂಬುದು ನಿಜ. ಹಾಗೆ ಮಾಡಿರೆಂದು ಯಾರೂ ಕೇಳುವುದಿಲ್ಲ. ಒಂದು ಊರಿನಲ್ಲಿರುವ ವಸತಿಗೃಹಗಳಲ್ಲಿ ಹುಡುಗರಿಗೊಂದು, ಹುಡುಗಿಯರಿಗೊಂದು ತೆರೆದಿರಲಿ. ಮಿಕ್ಕ ಎಲ್ಲ ವಸತಿಗೃಹಗಳಿಂದಲೂ ಉಳಿಯಬಯಸುವವರು ಮೊದಲೇ ಹೆಸರು ಕೊಟ್ಟು ಅಲ್ಲಿಗೆ ಸೇರಲಿ. ಊಟದ ವೆಚ್ಚವನ್ನು ಕೊಡಬಲ್ಲವರು ಕೊಡಲಿ, ಕೊಡಲಾರದವರಿಗೆ ವರ್ಷದ ಹತ್ತು ತಿಂಗಳು ಅನ್ನ ಹಾಕುವ ಸರಕಾರವು ಇನ್ನೆರಡು ತಿಂಗಳೂ ಹಾಕಲಿ. ಬೇಸಗೆಯಲ್ಲಿ ಕೆಲಸವಿಲ್ಲದೆ ಮನೆಗೆ ಹೋಗುವ ಅಡುಗೆಯವರಲ್ಲಿ ಕೆಲವರಿಗಾದರೂ ಇದರಿಂದ ಕೂಲಿ ದೊರೆತೀತು. ಗ್ರಂಥಾಲಯವು ಹಗಲಿನ ಕಚೇರಿಯ ವೇಳೆಗಷ್ಟೇ ನಿಲ್ಲದೆ ರಾತ್ರಿ ಎಂಟರ ತನಕ ತೆರೆದಿರಲಿ. ಉಳಿದವನನ್ನು "ಏನು ಮಾಡುತ್ತೀ?" ಎಂದು ಯಾರೂ ಲೆಕ್ಕ ಕೇಳದಿರಲಿ, ಪ್ರಮಾಣಪತ್ರ, ಯೋಜನಾವರದಿ, ಬೇಸಗೆಯ ಶಿಬಿರ ಎಂಬ ಹೆಸರುಗಳಲ್ಲಿ ಆ ಬಿಡುವನ್ನೂ ತರಗತಿಯನ್ನಾಗಿ ಮಾಡುವ ಉತ್ಸಾಹಿಗಳು ದಯವಿಟ್ಟು ದೂರವಿರಲಿ. ಸೆಮಿಸ್ಟರ್ ಪದ್ಧತಿಯು ಬಂದು ರಜೆಯೇ ಕುಗ್ಗಿರುವಾಗ, ಉಳಿದಷ್ಟನ್ನು ಕಾಪಾಡಿಕೊಳ್ಳುವುದು ಇನ್ನಷ್ಟು ಅವಶ್ಯ.

ಉಳಿದವರೆಲ್ಲರೂ ಓದುತ್ತಾರೆಯೇ ಎಂದು ಕೇಳಬಹುದು. ಇಲ್ಲ, ಕೆಲವರು ಮಲಗುತ್ತಾರೆ, ಕೆಲವರು ಸಿನೆಮಾಕ್ಕೆ ಹೋಗುತ್ತಾರೆ, ಕೆಲವರು ಎಂಟು ದಿನದಲ್ಲಿ ಬೇಸತ್ತು ಊರಿನ ಬಸ್ಸು ಹತ್ತುತ್ತಾರೆ. ಪಾಠ ನಡೆಯುವ ಕಾಲದಲ್ಲಿ ಮಾತ್ರ ಎಲ್ಲರೂ ಓದುತ್ತಾರೆಯೇ? ಹತ್ತರಲ್ಲಿ ಒಬ್ಬನು ಓದಿದರೂ ಆ ಒಬ್ಬನಿಗಾಗಿ ದೀಪ ಉರಿಯುವುದು ನ್ಯಾಯ. ಆದುದರಿಂದ ವಸತಿಗೃಹಗಳನ್ನು ನಡೆಸುವ ಮಹನೀಯರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ಬರುವ ಏಪ್ರಿಲ್ ತಿಂಗಳಲ್ಲಿ ಖೋಲಿ ತೆರವು ಮಾಡುವ ಸೂಚನೆಯನ್ನು ಅಚ್ಚುಹಾಕಿಸುವ ಮೊದಲು, ಯಾರಾರು ಉಳಿಯಬಯಸುವರೆಂದು ವಿದ್ಯಾರ್ಥಿಗಳನ್ನು ಒಮ್ಮೆ ಕೇಳಿರಿ. ತಂದೆತಾಯಿಗಳಲ್ಲಿ: ಮಗನೋ ಮಗಳೋ ರಜೆಯ ಅರ್ಧವನ್ನು ಅಲ್ಲಿಯೇ ಕಳೆಯುವೆನೆಂದರೆ, ಕಾರಣವನ್ನು ಸಂಶಯದಿಂದ ಹುಡುಕದೆ ನಾಲ್ಕು ರೊಟ್ಟಿಯ ಖರ್ಚನ್ನು ಕಳುಹಿಸಿಕೊಡಿರಿ. ವಿದ್ಯಾರ್ಥಿಗಳಲ್ಲಿ: ಬಾಗಿಲು ತೆರೆಯುವ ತನಕ ಕಾಯದೆ, ಉಳಿಯಬೇಕಾಗಿದೆಯೆಂದು ನೀವೇ ಅರ್ಜಿ ಬರೆದು ಕೊಡಿರಿ. ಕೇಳದವರಿಗಾಗಿ ಯಾವ ಆಡಳಿತವೂ ಬೀಗವನ್ನು ತೆಗೆದದ್ದಿಲ್ಲ.